ಬಾಡಿದ ಸೊಪ್ಪಿನ ಸೋಮಿ

ಕುಮಟೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಊರ ಹೊರಗಿನ ಕೆರೆಯ ದಂಡೆಯಲ್ಲಿ ಸೊಪ್ಪು ಮಾರುವ ಹೆಂಗಸರು ಹೆಡಿಗೆ ಇಳಿಸಿ ಸಾಲಾಗಿ ಕೂತಿದ್ದಾರೆ. ಹರಿವೆಯ ಕಟ್ಟುಗಳನ್ನು ನೀರಿನಲ್ಲಿ ಅದ್ದಿ ಕೊಡವುತ್ತಾರೆ, ಸೌತೆಕಾಯಿಯ ಮೇಲೆ ಬೊಗಸೆ ನೀರು ಚಿಮುಕಿಸುತ್ತಾರೆ. ನಿನ್ನೆ ಸಂಜೆ ಕಿತ್ತು, ಮೈಲಿಗಟ್ಟಲೆ ಹೊತ್ತು ತಂದ ಸೊಪ್ಪು ಮತ್ತೆ ತಲೆಯೆತ್ತುವುದು ಈ ನೀರಿನಿಂದಲೇ. ಪೇಟೆಯ ಜಾಣರಾದ ನಾವು "ಆಹಾ, ಈಗಷ್ಟೇ ಕಿತ್ತದ್ದು" ಎಂದು ಕೊಳ್ಳುವುದೂ ಇದನ್ನೇ. ಒಬ್ಬಾಕೆ ಮಾತ್ರ ಕೆರೆಗೆ ಬೆನ್ನು ಹಾಕಿ, ಹೆಡಿಗೆಯನ್ನು ಮಡಿಲ ಬಳಿಗೆ ಎಳೆದುಕೊಂಡು ಕೂತಿದ್ದಾಳೆ. ಆಕೆ ಧಾರೇಶ್ವರದ ಕಡೆಯ ಸೋಮಿ.

ಈ ಬೇಸಿಗೆಯಲ್ಲಿ ಕೆರೆಯ ನೀರು ಕಂಡರೆ ನನ್ನ ಎದೆಯೂ ಡವಡವ ಅನ್ನುತ್ತದೆ. ವಾಂತಿಭೇದಿ ಊರೊಳಗೆ ಬಂದು ಕೂತಿದೆ. ಬೆಳಿಗ್ಗೆ ಮಾತಾಡಿಸಿದವರು ಸಂಜೆಗೆ ಇರುವುದಿಲ್ಲ. ಬಾವಿಗಳಿಗೆ ಕೆಂಪು ಮದ್ದು ಸುರಿದಿದ್ದಾರೆ, ಬೀಗ ಬಿದ್ದ ಮನೆಗಳ ಮುಂದೆ ಸುಣ್ಣದ ಪುಡಿ ಚೆಲ್ಲಿದ್ದಾರೆ. ಇಡೀ ಕೆರೆಗೆ ಆಗುವಷ್ಟು ಮದ್ದನ್ನು ಯಾರು ತರಬೇಕು? ಹಸಿಯದೇನೂ ತಿನ್ನಬೇಡಿ ಎಂದು ಡಂಗುರ ಸಾರಿದ್ದಾಯಿತು. ಯುದ್ಧದ ದಿನಗಳು. ರೇಷನ್ನಿನ ಮುಗ್ಗಲು ಅಕ್ಕಿಯ ಗಂಜಿಗೆ ಬಡವರ ಮನೆಯಲ್ಲಿ ಜೊತೆಯೆಂದರೆ ಒಂದು ಹಿಡಿ ಸೊಪ್ಪು, ಅದನ್ನೂ ಹೆದರಿ ಹೆದರಿ ತಿನ್ನಬೇಕಾಗಿದೆ. ನಾನಂತೂ ನಾಚಿಕೆ ಬಿಟ್ಟು ಹೇಳುತ್ತೇನೆ, ಎಷ್ಟೋ ದಿನದಿಂದ ಉಪ್ಪಿನಕಾಯಿಯಲ್ಲೇ ಊಟ ಮುಗಿಸುತ್ತಿದ್ದೇನೆ.

"ಆ ಜಡ್ಡಿನ ಹೆಸ್ರು ಹೇಳ್ಬೇಡಿ ಒಡೆಯಾ, ಕರದಂಗೆ ಆತದೆ," ಎನ್ನುತ್ತಾಳೆ ಸೋಮಿ. ಹಿಂದೊಮ್ಮೆ ಅದೇ ಜಡ್ಡಿನಲ್ಲಿ ಶನಿಯಾರ ಎಂಬ ಆಕೆಯ ಗಂಡ ತೀರಿಹೋದ. ಕೂಲಿ ಮುಗಿಸಿ ಬರುವಾಗ ದಾರಿ ಬದಿಯ ನೀರು ಕುಡಿದಿದ್ದನಂತೆ. ಆಮೇಲಿಂದ ಸೋಮಿಯೊಬ್ಬಳೇ ಕೊಯ್ಲಾದ ಗದ್ದೆಯಲ್ಲಿ ಹೊಂಡ ತೋಡಿ, ಎರಡು ಹೊತ್ತೂ ಕೊಡದಲ್ಲಿ ನೀರೆತ್ತಿ ಹರಿವೆ, ಸೌತೆ ಬೆಳೆಯುತ್ತಾಳೆ. ಗದ್ದೆ ಒಡೆಯರದು, ಬೆನ್ನುನೋವು ಮಾತ್ರ ಆಕೆಯದು.

ಜಡ್ಡು ಬಂದಾಗಿನಿಂದ ಆಕೆ ಕೆರೆಯ ನೀರು ಮುಟ್ಟುವುದನ್ನು ಬಿಟ್ಟಿದ್ದಾಳೆ. "ನೀರ್ ಹೊಡದ್ರೆ ಸೊಪ್ಪು ನಗ್ತದೆ. ಆದ್ರೆ ಆ ನೀರಲ್ಲಿ ಎಂತ ಅದೆ ಅಂತ ಯಾರ್ ಕಂಡಾರೆ?" ಹೀಗಾಗಿ ಆಕೆಯ ಸೊಪ್ಪು ಪೇಟೆ ಮುಟ್ಟುವಾಗ ಜೋತುಬಿದ್ದಿರುತ್ತದೆ. ಉಳ್ಳವರು ಎರಡೇ ಬೆರಳಲ್ಲಿ ಎತ್ತಿ ನೋಡಿ ಕೈಬಿಡುತ್ತಾರೆ. ಬೇರೆ ಮಾರುವವರು ಒಂದು ಕಟ್ಟು ಕೊಡುವ ದುಡ್ಡಿಗೆ ಸೋಮಿ ಎರಡು ಕೊಡುತ್ತಾಳೆ. ಹಾಗಾಗಿ ಬಡವರ ಓಣಿಗಳಲ್ಲಿ ಆಕೆಗಾಗಿ ಕಾಯುವವರಿದ್ದಾರೆ.

"ಇಷ್ಟು ದಿನದಲ್ಲಿ ಒಮ್ಮೆಯೂ ಕೈ ತಪ್ಪಿ ಕೆರೆಗೆ ಹೋಗಲಿಲ್ಲವೇನೇ?" ಎಂದು ತಮಾಷೆಗೆ ಕೇಳುತ್ತೇನೆ. ಆಕೆಯ ಮುಖ ಇಳಿದುಹೋಗುತ್ತದೆ.

"ಮೊನ್ನೆ ತಪ್ತು ಒಡೆಯಾ. ಸಣ್ಣಿರುವಾಗಿಂದ ಮಾಡಿದ್ ಕೈ ಅಲ್ವಾ? ಪಕ್ಕದವ್ಳ ಸಂಗ್ತಿಗೆ ಮಾತಾಡ್ತಾ ಕೂತಿದ್ದೆ. ಕೈ ತನ್ನಷ್ಟಕ್ಕೇ ನೀರಿಗೆ ಹೋತು." ಅವಲಕ್ಕಿ ಕುಟ್ಟಿ ಬದುಕುವ ಹೊನ್ನಮ್ಮನ ಮನೆಯಲ್ಲಿ ಆ ದಿನ ಸೋಮಿ ಎರಡು ಕಟ್ಟು ಹರಿವೆ ಕೊಟ್ಟಳು. ಕೊಂಡವರ ಮನೆಯ ಮಗುವಿನ ಕೈಗೆ ಮೇಲೊಂದು ಕೊಸರು ಹಾಕುವುದು ಇವರ ಪದ್ಧತಿ. ಹೊನ್ನಮ್ಮನ ಪುಟ್ಟ ಮಗಳು ನಾಗು ಕೈ ಒಡ್ಡಿದಳು. "ಒಂದ್ ಎಳೆ ಸೌತೆಕಾಯಿ ಕೊಟ್ಟೆ. ಕರಕರ ಅಂತ ಅಲ್ಲೇ ತಿಂತು. ಮುಂದಿನ ಓಣೀಲಿ ಹೆಡಿಗೆ ಇಳಸ್ದಾಗ ಕಂಡೆ, ತಲೆ ಮೇಲಿನ ಬಟ್ಟೆ ಸಿಂಬಿ ಒದ್ದೆ ಆಗಿತ್ತು. ಆಗ ಕೆರೆ ನೀರ್ ಹೊಡದದ್ದು ನೆನಪಾತು."

"ತಿರುಗಿ ಹೋಗಿ ಹೇಳಬಾರದಿತ್ತೆ?"

"ಹೆದ್ರಿಕೆ ಆತು. ಸೋಮಿ ಹೆಡಿಗೇಲೇ ಜಡ್ಡು ಬಂತು ಅಂದ್ರೆ ನಾಳಿಂದ ಯಾರ್ ಹತ್ರ ಸೇರಸ್ತ್ರು? ನಿನ್ನೆ ಆ ಓಣಿಗೇ ಹೋಗ್ಲಿಲ್ಲ."

ಇವತ್ತು ಹೋಗಲೇಬೇಕೆಂದು ಹೊರಟಿದ್ದಾಳೆ. ನಾನೂ ಹಿಂದೆ ನಡೆಯುತ್ತೇನೆ. ಕೆಟ್ಟ ನೀರು ಹೊಟ್ಟೆ ಸೇರಿದರೆ ಜಡ್ಡು ಏಳಲು ಕೆಲವು ದಿನವೂ ಹಿಡಿಯಬಹುದು ಎಂದು ದವಾಖಾನೆಯ ಕಂಪೌಂಡರ್ ಹೇಳಿದ್ದು ನೆನಪಿದೆ. ಅದನ್ನು ಸೋಮಿಗೆ ಹೇಳುವ ಧೈರ್ಯ ನನಗಿಲ್ಲ. ಓಣಿಯ ಬಾಯಲ್ಲೇ ಒಂದು ಮನೆಯ ಮುಂದೆ ಹೊಸ ಸುಣ್ಣ ಬಿದ್ದಿದೆ. ಸೋಮಿ ಗಕ್ಕನೆ ನಿಲ್ಲುತ್ತಾಳೆ. ಹೊನ್ನಮ್ಮನ ಮನೆ ಅದಕ್ಕಿಂತ ಎರಡು ಮನೆ ಆಚೆ ಎಂದು ತಿಳಿದ ಮೇಲೆಯೇ ನನಗೂ ಉಸಿರು ಬರುತ್ತದೆ.

ಅಂಗಳದಲ್ಲಿ ಆಡುತ್ತಿದ್ದ ನಾಗು ಹೆಡಿಗೆ ಕಂಡದ್ದೇ ಓಡಿ ಬಂದು ಕೈ ಒಡ್ಡುತ್ತಾಳೆ. ಸೋಮಿ ಹೆಡಿಗೆ ಇಳಿಸಿ ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. ಮಗು ಗಟ್ಟಿಯಾಗಿದೆ, ಇನ್ನು ಹೇಳುವುದೇಕೆ, ಸುಮ್ಮನಿರು ಎಂದು ನಾನು ಕಣ್ಣಲ್ಲೇ ಹೇಳುತ್ತೇನೆ. ಹೊನ್ನಮ್ಮ ಹೊರಗೆ ಬರುವಷ್ಟರಲ್ಲಿ ಸೋಮಿ ಎಲ್ಲವನ್ನೂ ಒದರಿಬಿಡುತ್ತಾಳೆ.

"ತಪ್ಪಾತು ಅಮ್ಮಾ. ಪೋರಿ ಹೊಟ್ಟೆ ನೋಡ್ಕಳಿ. ಚೂರು ಹೆಚ್ಚುಕಮ್ಮಿ ಆದ್ರೂ ದವಾಖಾನಿಗೆ ಓಡಿ."

ಹೊನ್ನಮ್ಮ ಮಗಳನ್ನು ಸೆಳೆದು ಸೆರಗಿನೊಳಗೆ ಹುದುಗಿಸಿಕೊಳ್ಳುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಸಣ್ಣ ದನಿಯಲ್ಲಿ, "ಎಲ್ಲರ ಸೊಪ್ಪೂ ನಗ್ತಾ ಬರ್ತದೆ ಸೋಮಿ. ನಿಂದು ಬಾಡಿರ್ತದೆ ಅಂತಲೇ ನಾನು ನಂಬಿ ತಕಳೂದು," ಎನ್ನುತ್ತಾಳೆ. ಹೊನ್ನಮ್ಮ ಮಗಳನ್ನು ಒಳಗೆ ಬಿಟ್ಟು ಬಂದು, ಒಂದು ಕಟ್ಟು ಎತ್ತಿ, ಬೇರಿನ ಹತ್ತಿರ ಬೆರಳಾಡಿಸಿ, ಒಣಗಿದೆಯೇ ಎಂದು ನೋಡಿ, ತೆಗೆದುಕೊಂಡು ಹೋಗುತ್ತಾಳೆ.

ಮರಳುವ ದಾರಿಯಲ್ಲಿ ಸೋಮಿ ಮುಂದೆ, ನಾನು ಹಿಂದೆ. ನನಗೋ ಬರೆಯುವವರ ಕೆಟ್ಟ ಚಾಳಿ, ನಿನ್ನ ಆಸೆ ಏನು ಎಂದು ಕೇಳಿಯೇಬಿಡುತ್ತೇನೆ.

"ಎಂತ ಆಸೆ ಒಡೆಯಾ? ಆ ಪೋರಿ ನಾಳೆನೂ ಓಡ್ಬಂದು ಕೈ ಒಡ್ಲಿ. ಕೊಸರು ಕೊಡೂದಿಲ್ಲ ನಾನು. ಆದ್ರೂ ಒಡ್ಲಿ."