ಬಾಗಿಲ ಮುಂದಿನ ಬೂಟು

ಚನ್ನರಾಯಪಟ್ಟಣದಲ್ಲಿ ಬೀಗ, ಚಿಲಕ ಮಾರಿಕೊಂಡೇ ತಲೆ ನರೆಸಿಕೊಂಡವರು ಸಿದ್ದೇಶ್ವರಪ್ಪ. ಅಂಗಡಿಯನ್ನು ತಮ್ಮನಿಗೆ ಬಿಟ್ಟ ಮೇಲೆ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡರು. ಸೀಟು ಕಿತ್ತು ಮಂಚ ಹಾಕಿಸಿದರು, ಗ್ಯಾಸ್ ಒಲೆ ಕೂರಿಸಿದರು. ಹೆಂಡತಿ ಗಂಗಾಂಬಿಕೆಗೆ ಊರೂರು ತೋರಿಸುವ ಆಸೆ. ಮನೆ ಅಂದಮೇಲೆ ಕಳ್ಳನ ಭಯ ಇದ್ದದ್ದೇ. ಬಾಗಿಲಿಗೆ ಮೂರು ಬೀಗ ಬಿತ್ತು. ಅದೂ ಸಾಲದೆ, ಎಲ್ಲಿ ನಿಲ್ಲಿಸಿದರೂ ಬಾಗಿಲ ಮುಂದೆ ಒಂದು ಜೊತೆ ದೊಡ್ಡ ಬೂಟು ಇಡುತ್ತಿದ್ದರು.

“ಒಳಗೆ ಗಂಡಸವ್ನೆ ಅಂತ ಕಳ್ಳ ಎದರ್ಕಬೇಕು ಕಣೇ.”

“ಆ ಸೈಜಿನ ಗಂಡಸು ನಿಮ್ಮ ವಂಶದಲ್ಲೇ ಉಟ್ಟಿಲ್ಲ ಬುಡಿ,” ಎಂದು ಗಂಗಾಂಬಿಕೆ ನಗುತ್ತಿದ್ದರು.

ಗಂಗಾಂಬಿಕೆಯದು ತೊಟ್ಟಿಲಲ್ಲೇ ಕಟ್ಟಿಸಿಕೊಂಡ ಲಿಂಗ. ಬೆಳ್ಳಿ ಕರಡಿಗೆಯೊಳಗೆ ಸದಾ ಎದೆಯ ಮೇಲಿರಬೇಕು. ಅದರ ಪೂಜೆಯಾಗದೆ ಗುಟುಕು ನೀರೂ ಗಂಟಲಿಗಿಳಿಯದು. ದೊಡ್ಡಗದ್ದವಳ್ಳಿಯ ಕೆರೆ ಪಕ್ಕ ಗಾಡಿ ನಿಲ್ಲಿಸಿದ್ದ ಬೆಳಿಗ್ಗೆ, ಪೂಜೆ ಮುಗಿಸಿ ಕೊರಳಿಗೆ ಹಾಕಿಕೊಳ್ಳುವಾಗ ಶಿವದಾರ ಕಿತ್ತುಬಂತು. ಕರಡಿಗೆಯನ್ನು ಸೆರಗಿಗೆ ಗಂಟು ಹಾಕಿಕೊಳ್ಳತೊಡಗಿದರು.

“ಗಂಟು ಬಿಚ್ಕಂಡು ಕೆರೆಗೆ ಬಿದ್ರೆ? ವಸ ದಾರ ತರೋ ಗಂಟ ಗಾಡೀಲಿರೋ ಕಬ್ಬಿಣದ ಡಬ್ಬದಲ್ಲಿ ಇಟ್ಟು ಬೀಗ ಆಕಾನ.”

“ಮೈಮೇಲಿರೋದು ಮೈಮೇಲೇ ಇರ್ಲಿ.”

“ಬೀಗದ ಯಾಪಾರ ಮಾಡ್ದೋನು ನಾನೋ ನೀನೋ?”

ಗಂಗಾಂಬಿಕೆ ಕೊಟ್ಟುಬಿಟ್ಟರು.

ಲಕ್ಷ್ಮೀದೇವಿ ಗುಡಿ ನೋಡಿಕೊಂಡು ಬಂದರೆ ಮೂರು ಬೀಗವೂ ಹಾಕಿದ ಹಾಗೇ ಇವೆ. ಕಿಟಕಿಯ ರಬ್ಬರು ಕುಯ್ದು, ಗಾಜು ಬಿಚ್ಚಿ, ಒಡೆಯದಂತೆ ಚಕ್ರಕ್ಕೆ ಒರಗಿಸಿಟ್ಟಿದ್ದಾರೆ. ಡಬ್ಬ ಬೀಗದ ಸಮೇತ ಹೋಗಿತ್ತು.

ಮರದಡಿ ಎಳನೀರು ಮಾರುವ ಮಾಯಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ನಾನು ನೋಡ್ದೆ ಕಣಪ್ಪೋ! ಇಬ್ರು ಗಾಜು ಬಿಚ್ತಿದ್ರು. ಬಾಕ್ಲಲ್ಲಿ ಬೂಟಿತ್ತಲ್ಲ, ಯಜಮಾನ್ರು ಒಳಗೇ ಅವ್ರೆ, ರಿಪೇರಿ ಮಾಡಿಸ್ತಾವ್ರೆ ಅನ್ಕಂಡೆ.”

ಸಿದ್ದೇಶ್ವರಪ್ಪ ಬೂಟನ್ನೇ ನೋಡುತ್ತ ನಿಂತರು.

ಪೊಲೀಸಿನವರು ಬಂದು ಬರೆದುಕೊಂಡು ಹೋದರು. ಫೋನಿನಲ್ಲಿ ಮಠದ ಸ್ವಾಮಿಗಳು, “ಬನ್ನಿ ತಾಯಿ, ಹೊಸದಾಗಿ ಲಿಂಗಧಾರಣೆ ಮಾಡಿಸೋಣ” ಎಂದರು. ಗಂಗಾಂಬಿಕೆ ಒಪ್ಪಲಿಲ್ಲ. “ಕಳ್ಳರಿಗೆ ಬೇಕಾದ್ದು ಬೆಳ್ಳಿ. ಲಿಂಗ ತಂದಿಟ್ಟಾರು, ಕಾಯಾನ.” ಸಂಜೆಯ ಪೂಜೆ ನಿಂತಿತು, ಊಟ ನಿಂತಿತು, ನೀರೂ ನಿಂತಿತು. ಬೆಳಗಾಗುವ ಹೊತ್ತಿಗೆ ತುಟಿ ಒಡೆದಿತ್ತು.

“ಒಂದು ಗುಟುಕಾದ್ರೂ ಕುಡಿಯೇ.”

“ಬೈಯಲ್ಲ ನಿಮ್ಮುನ್ನ. ಬಲವಂತ ಮಾತ್ರ ಮಾಡ್ಬೇಡಿ.”

ಬೈದಿದ್ದರೇ ವಾಸಿಯಿತ್ತು. ಸಿದ್ದೇಶ್ವರಪ್ಪ ಎದ್ದು ಮೂರು ಬೀಗವನ್ನೂ ತೆಗೆದು ಬಾಗಿಲನ್ನು ಹಾರು ಹೊಡೆದರು. ಬೂಟುಗಳನ್ನೆತ್ತಿ ಮಾಯಮ್ಮನ ಬುಟ್ಟಿಯ ಹಿಂದಿಟ್ಟರು.

“ಊರಲ್ಲೆಲ್ಲ ಯೋಳವ್ವ. ಬೆಳ್ಳಿ ಕದ್ದೋರೇ ಇಟ್ಕಳ್ಳಿ. ಲಿಂಗ ಒಂದ್ನ ಮಂಚದ ಮೇಲಿಟ್ಟು ಓಗ್ಲಿ. ಒಳಗೆ ಯಾರೂ ಇಲ್ಲ. ನಾವು ತಿರುಗೂ ನೋಡಲ್ಲ.”

ಗಂಡ ಹೆಂಡತಿ ಗಾಡಿಗೆ ಬೆನ್ನು ಹಾಕಿ ಕೆರೆ ಏರಿಯ ಮೇಲೆ ಕೂತರು. ಬಿಸಿಲೇರಿತು. ಹಿಂದೆ ಬಾಗಿಲು ಕಿರ್ ಎಂದಿತು. ಗಂಗಾಂಬಿಕೆಯ ಕೈ ಸೆರಗಿನ ತುದಿ ಹಿಡಿಯಿತು.

“ಬಂದ್ರೇನೋ?” ಉಸಿರಿನಲ್ಲೇ ಕೇಳಿದರು.

“ಗಾಳಿ ಇರ್ಬೇಕು,” ಎಂದರು ಸಿದ್ದೇಶ್ವರಪ್ಪ. ತಿರುಗಿ ನೋಡುವಂತಿರಲಿಲ್ಲ.