ಅಂಗಳಕ್ಕೆ ಹಾಕಿದ ತಗಡು

ವಕೀಲರ ಕರಿ ಕೋಟುಗಳಿಗೆ ಕೈಯಲ್ಲಿ ಕಾಜಾ ಹಾಕುವುದು, ಅಂದರೆ ಗುಂಡಿ ತೂರುವ ಕಂಡಿಯ ಅಂಚನ್ನು ದಾರದಿಂದ ಬಿಗಿಯುವುದು, ನಮ್ಮ ಎದುರು ಮನೆಯಾಕೆಯ ಕಸುಬು. ಹಾಗಾಗಿ ಇಡೀ ಬೀದಿಗೆ ಆಕೆ ಕಾಜಾ ಅತ್ತೆ. ಮದುವೆಯಾಗಲಿಲ್ಲ, ಹುಟ್ಟಿದ ಮನೆಯಲ್ಲೇ ತಲೆ ನರೆಯಿತು. ಬಾಯಿ ಮಾತ್ರ ಸೂಜಿಗಿಂತ ಚೂಪು.

ಹಳೇ ಪೇಟೆಯ ಮನೆ ಅದು. ಎರಡೂ ಪಕ್ಕದ ಗೋಡೆ ನೆರೆಯವರ ಜೊತೆ ಪಾಲು, ಕಿಟಕಿ ಇಡಲು ಜಾಗವೇ ಇಲ್ಲ. ದೊಡ್ಡ ಬಾಗಿಲು ದಾಟಿದರೆ ಓಣಿಯಂಥ ಇಕ್ಕಟ್ಟಾದ ನಡೆ. ಬೀದಿಯವರ ಕಣ್ಣು ಒಳಗೆ ಬೀಳಬಾರದು ಅಂತ ಅದು ಬಲಕ್ಕೆ ತಿರುಗುತ್ತದೆ. ತಿರುಗಿದ ಕೂಡಲೇ ಆಕಾಶ! ಕಲ್ಲು ಹಾಸಿದ ಅಂಗಳ, ಸುತ್ತ ಮರದ ಕಂಬಗಳ ಜಗಲಿ. ಅಡುಗೆಮನೆಯಿಂದ ಹಿಡಿದು ಮಹಡಿಯ ಕೋಣೆಗಳವರೆಗೆ ಎಲ್ಲ ಬಾಗಿಲು, ಕಿಟಕಿಗಳ ಮುಖ ಅಂಗಳದ ಕಡೆಗೇ. ಕಟ್ಟಿದವರು ಗಾಳಿ, ಬೆಳಕು ಎರಡನ್ನೂ ಮನೆಗೆ ಒಂದೇ ಬಾಯಿಂದ ಉಣಿಸಿದ್ದರು.

ಆ ಬಾಯಿಗೇ ಆಕೆಯ ಅಣ್ಣನ ಮಗ ಬಟ್ಟೆ ತುರುಕಿದ. ಹಾಸಿಗೆ, ದಿಂಬಿನ ವ್ಯಾಪಾರಿ ಆತ. ದಾಸ್ತಾನಿಗೆ ಜಾಗ ಬೇಕಿತ್ತು. ಅತ್ತೆ ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಪರವೂರಿಗೆ ಹೋದದ್ದೇ ತಡ, ಕಬ್ಬಿಣದ ಚೌಕಟ್ಟು ನಿಲ್ಲಿಸಿ ಅಂಗಳದ ಮೇಲೆ ತಗಡು ಹೊದಿಸಿಬಿಟ್ಟ. ಮರಳಿ ಬಂದವಳು ಮಟಮಟ ಮಧ್ಯಾಹ್ನದಲ್ಲಿ ಗೋಡೆ ತಡವಿಕೊಂಡು ಒಳಗೆ ಬಂದಳು.

"ಯಾರನ್ನ ಕೇಳಿ ಹಾಕ್ಸಿದೆ?"

"ಕೇಳೋದೇನಿದೆ ಅತ್ತೆ? ನಿಮ್ಗೆ ಟ್ಯೂಬ್‌ಲೈಟ್ ಹಾಕಿಸಿಕೊಡ್ತೀನಲ್ಲ."

"ಕರಿ ಬಟ್ಟೆ ಮೇಲೆ ಕರಿ ದಾರ ಎಲ್ಲಿ ಹೋಯ್ತು ಅಂತ ನಿನ್ನ ಟ್ಯೂಬ್‌ಲೈಟ್‌ನಲ್ಲಿ ಹುಡುಕ್ತಾ ಕೂರ್ಲಾ? ಕಣ್ಣು ನಂದು ಕಣೋ, ಕಳ್ಕೊಳ್ಳೋಕೆ!"

ಆತ ನಕ್ಕು ಅಂಗಡಿಗೆ ಹೊರಟುಹೋದ. ಆ ನಗು ಆಕೆಯ ಮೈಗೆಲ್ಲ ಉರಿ ಹಚ್ಚಿತು.

ಕೆಲವೇ ದಿನಗಳಲ್ಲಿ ಮನೆ ಕಾದ ಕುಲುಮೆಯಾಯಿತು. ಮೆಣಸಿನಕಾಯಿ ಹುರಿದ ಘಾಟು ಹೊರಗೆ ಹೋಗದೆ ಮಹಡಿ ಹತ್ತಿತು. ಅಣ್ಣನ ಮಗನ ತಾಯಿ, ಅಂದರೆ ಅತ್ತೆಯ ಅತ್ತಿಗೆ, ಕೆಮ್ಮಿ ಕೆಮ್ಮಿ ಸೋತರೂ "ಅವ್ನಿಗೂ ಹೊಟ್ಟೆಪಾಡು ಇದ್ಯಲ್ಲಮ್ಮ" ಎನ್ನುತ್ತಿದ್ದಳು. ಆತನ ಹೆಂಡತಿ ಒಣಗದ ಬಟ್ಟೆಗಳ ಮುಗ್ಗಲು ವಾಸನೆಯ ನಡುವೆ ತುಟಿ ಹೊಲಿದುಕೊಂಡು ಓಡಾಡಿದಳು. ತಗಡಿಗಿಂತ ಈ ಮೌನದ ಮೇಲೇ ಅತ್ತೆಗೆ ಹೆಚ್ಚು ಸಿಟ್ಟು.

ಒಂದು ಬೆಳಿಗ್ಗೆ ಹೊಲಿಗೆಯ ಮಣೆ, ಕೋಟುಗಳ ಗಂಟು ತಂದು ದೊಡ್ಡ ಬಾಗಿಲಿನ ನಟ್ಟನಡುವೆ ಕೂತುಬಿಟ್ಟಳು. ಹಾಸಿಗೆ ಹೊತ್ತು ಬಂದ ಹಮಾಲರು ಹೊಸ್ತಿಲ ಹೊರಗೇ ನಿಂತರು. ಕೋಟು ಒಯ್ಯಲು ಬಂದ ವಕೀಲರಿಗೆ ಪುಕ್ಕಟೆಯಾಗಿ ಇಡೀ ಪುರಾಣ ಕೇಳಿಸಿತು.

ಅಣ್ಣನ ಮಗ ರಾಜಿಗೆಂದು ತನ್ನ ಸೋದರಮಾವನನ್ನು ಕರೆತಂದ. ಆತ ಮೀಸೆ ತೀಡಿ, "ಮದುವೆಯಾಗಿ ಹೋಗಿದ್ರೆ ಈ ತಂಟೆನೇ ಇರ್ತಿರ್ಲಿಲ್ಲ. ಇಟ್ಕೊಂಡಿದಾರಲ್ಲ, ಹೊಂದ್ಕೊಂಡು ಹೋಗಮ್ಮ" ಅಂದ.

ಅತ್ತೆ ಸೂಜಿ ಕೆಳಗಿಟ್ಟಳು. "ಇಟ್ಕೊಂಡಿದಾರಾ? ನಾನೇನು ದಿಂಬಾ? ಈ ಕಲ್ಲಿನ ಮೇಲೆ ಅಂಬೆಗಾಲಿಟ್ಟವಳು ನಾನು. ನಿಮ್ಮ ತಂಗಿ ಬಾಣಂತನ ಇದೇ ಬಿಸಿಲಲ್ಲಿ ಮಾಡಿದವಳೂ ನಾನೇ. ಆ ಮಗುವೇ ಇವತ್ತು ನನಗೆ ಕತ್ತಲೆ ದಾನ ಮಾಡಿದೆ!"

ಮಾವ ಚಪ್ಪಲಿ ಹುಡುಕಿಕೊಂಡ. ಅಷ್ಟರಲ್ಲಿ ಒಳಗಿನಿಂದ ಅತ್ತಿಗೆ ಬಂದಳು. ಕೈಯಲ್ಲಿ ತರಕಾರಿ, ಈಳಿಗೆಮಣೆ. ನಾದಿನಿಯ ಪಕ್ಕ ಕೂತಳು. ಹಿಂದೆಯೇ ಸೊಸೆ, ಒದ್ದೆ ಬಟ್ಟೆಯ ಬಕೆಟ್ ಹಿಡಿದು. ಬೀದಿಯ ಬೇರೆ ಮನೆಗಳ ಕಿಟಕಿ ಸರಳಿಗೆಲ್ಲ ಗಂಡನ ಬನಿಯನ್‌ಗಳನ್ನು ನೇತುಹಾಕತೊಡಗಿದಳು. ನಮ್ಮ ಮನೆಯದೂ ಸೇರಿತ್ತು, ನಾವೂ ಬೇಡವೆನ್ನಲಿಲ್ಲ.

"ಅಮ್ಮಾ, ನೀನೂನಾ?" ಅಂದ ಮಗ.

"ನಂಗೂ ಉಸಿರು ಬೇಕಪ್ಪ" ಅಂದಳು ಆಕೆ, ಈಳಿಗೆಯಿಂದ ಕಣ್ಣೆತ್ತದೆ.

ಆ ವಾರವೇ ತಗಡು ಇಳಿಯಿತು. ಚೌಕಟ್ಟನ್ನು ಮಾತ್ರ ಆತ ಬಿಚ್ಚಿಸಲಿಲ್ಲ, "ಇರ್ಲಿ, ಮುಂದಕ್ಕೆ ಬೇಕಾಗುತ್ತೆ" ಅಂದನಂತೆ. ಅಂಗಳದ ತುಂಬ ಕಂಬಿಗಳ ನೆರಳು ಬೀಳುತ್ತಿತ್ತು.

"ಕಡೆಗೂ ಗೆದ್ರಲ್ಲ ಅತ್ತೆ" ಅಂದೆ ನಾನು, ಖುಷಿಯಿಂದ. ಆಕೆ ನನ್ನ ಮೇಲೇ ಹರಿಹಾಯ್ದಳು.

"ಗೆಲುವಂತೆ ಗೆಲುವು! ನಮ್ಮ ಮನೇಲಿ ನಮ್ಮ ಬಿಸಿಲು ಕಾಯಿಸ್ಕೊಳ್ಳೋಕೆ ಮೂರು ಹೆಂಗಸ್ರು ಬೀದಿಗೆ ಬಂದು ಕೂರ್ಬೇಕಿತ್ತೇನೇ?"