ಬೆರಳು ಮಡಚಿ ತೋರಿಸಿದವರು

ನಮ್ಮ ತೋಟದ ರಸ್ತೆ ಬದಿಯಲ್ಲಿ ಒಂದು ಸಾಲು ತೆಂಗಿನ ಮರಗಳಿವೆ. ನೆಟ್ಟವಳು ಅಮ್ಮ. ಬಿಳಿಗೆರೆ ಕಡೆಯ ಈ ರಸ್ತೆ ಅಗಲವಾಗುತ್ತದಂತೆ ಎಂಬ ಸುದ್ದಿ ಹುಟ್ಟಿದಂದಿನಿಂದ, ಆ ಸಾಲಿನ ಮುಂದೆ ಯಾವ ಗಾಡಿ ನಿಧಾನವಾದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಗೇಟಿಗೆ ಬರುತ್ತೇನೆ. ಲೈನ್‌ಮನ್ ಬಂದು ಕಂಬ ನೋಡಿದರೂ ಅನುಮಾನ, ಹಾಲಿನ ವ್ಯಾನು ಪಂಕ್ಚರ್ ಆಗಿ ನಿಂತರೂ ಅನುಮಾನ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಲ್ಲಿ ಬಿಳಿ ಕಾರೊಂದು ನಿಂತಿತು. ಐವತ್ತರ ಆಸುಪಾಸಿನ ಗಂಡ ಹೆಂಡತಿ ಇಳಿದರು. ಆಕೆ ಒಂದೊಂದೇ ಮರ ತೋರಿಸುತ್ತಾ ಏನೋ ಹೇಳುತ್ತಿದ್ದಳು, ಆತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಆಕೆಯ ತೋರುಬೆರಳು ಮಡಚಿಕೊಂಡಿತ್ತು. ಪೆಟ್ಟಾಗಿರಬೇಕು ಅಂದುಕೊಂಡೆ. ನಾನು ಹೋಗಿ ಕೇಳುವಷ್ಟರಲ್ಲಿ ಕಾರು ಹೊರಟೇಬಿಟ್ಟಿತು.

“ಭಾನುವಾರ ಯಾವ ಸರ್ವೆಯೋರು ಬತ್ತಾರೆ? ಸುಮ್ಕೆ ತಿಂಡಿ ತಿನ್ನಿ ಬನ್ರೀ,” ಎಂದಳು ನನ್ನ ಹೆಂಡತಿ.

ಭಾನುವಾರ ಬಂದದ್ದೇ ನನಗೆ ಸರಿ ಕಾಣಲಿಲ್ಲ. ಯಾರೂ ಕೇಳಬಾರದೆಂದೇ ರಜೆ ದಿನ ಬಂದಿರಬೇಕು. ತಿಂಡಿ ಬಿಟ್ಟು ಬೈಕ್ ಹತ್ತಿದೆ.

ಅವರು ತುರುವೇಕೆರೆಗೆ ಹೋದರು. ನಾನೂ ಹೋದೆ. ದೇವಸ್ಥಾನದಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಕರಿಕಲ್ಲಿನ ಬಸವಣ್ಣನಿದ್ದಾನೆ. ಕಾರಿನಾತ ಅದನ್ನು ನಿಧಾನವಾಗಿ ಸುತ್ತಿದ, ಹೆಜ್ಜೆ ಹಾಕಿ ಅಳೆಯುವವನ ಹಾಗೆ. ನಾನು ಕಂಬದ ಮರೆಯಲ್ಲಿ ನಿಂತು ಅವನ ಕಾಲನ್ನೇ ನೋಡುತ್ತಿದ್ದೆ. ಪಕ್ಕದ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದ ನಾನು ಆ ಬಸವಣ್ಣನ ಮುಂದೆ ನಿಂತದ್ದು ಅದೇ ಮೊದಲು, ಕೈ ಮುಗಿಯುವುದನ್ನೂ ಮರೆತೆ.

ಅಲ್ಲಿಂದ ಚಿಕ್ಕನಾಯಕನಹಳ್ಳಿ ದಾರಿ. ಕೊಬ್ಬರಿ ಸುಲಿಯುವ ಒಂದು ಶೆಡ್ಡಿನ ಮುಂದೆ ನಿಲ್ಲಿಸಿ, ಆಕೆ ಒಣಕಾಯಿಯೊಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ನಾವು ನೋಡುವುದೇ ಹಾಗೆ. ಕಾಯಿ ಗೊತ್ತಿರುವ ಸರ್ವೆಯವರು ಇನ್ನೂ ಅಪಾಯ ಎನ್ನಿಸಿತು. ಊರು ದಾಟಿ ಗುಡ್ಡಗಳು ಶುರುವಾಗುವಲ್ಲಿ ಆಕೆ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಳು. ಮೇಲಿನಿಂದ ಅಳತೆ ತೆಗೆಯುತ್ತಾರಂತಲ್ಲ, ಅದೇ ಇದು ಎಂದು ಗಟ್ಟಿ ಮಾಡಿಕೊಂಡೆ. ಪಾಪ, ನೆಟ್‌ವರ್ಕ್ ಹುಡುಕುತ್ತಿದ್ದಳು.

ಹಂದನಕೆರೆಯ ಕೆರೆ ಏರಿ ಮೇಲೆ ಕಾರು ನಿಂತಿತು. ನಾನೂ ಸ್ವಲ್ಪ ಹಿಂದೆ ನಿಂತೆ. ಆತ ನೇರವಾಗಿ ನನ್ನ ಕಡೆಗೇ ಬಂದ. ಆಕೆ ಕಾರಿನೊಳಗೆ ಕೂತು ಗಾಜು ಏರಿಸಿಕೊಂಡಳು.

“ಬೆಳಿಗ್ಗೆಯಿಂದ ನಮ್ಮ ಹಿಂದೇನೇ ಬರ್ತಾ ಇದೀರ. ಯಾರ್ರೀ ನೀವು? ನಿಮ್ಮ ಗಾಡಿ ನಂಬರ್ ಬರ್ಕೊಂಡಿದೀನಿ.” ಆತನ ದನಿ ನಡುಗುತ್ತಿತ್ತು.

ನನ್ನನ್ನು ನೋಡಿ ಒಬ್ಬ ಮನುಷ್ಯ ಹೆದರಿದ್ದಾನೆ ಎಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಬಿಳಿಗೆರೆ ಕಡೆ ತೋಟದೋನು ಕಣ್ರೀ. ನಮ್ಮ ಮರ ಯಾಕೆ ಎಣಿಸುದ್ರಿ?” ಎಂದೆ.

ಗಾಜು ಇಳಿಯಿತು. “ಎಣಿಸ್ಲಿಲ್ಲ ಕಣಪ್ಪ,” ಎಂದಳು ಆಕೆ. “ಯಾವ ಮರದಲ್ಲಿ ಹೊಂಬಾಳೆ ಒಡೆದೈತೆ ಅಂತ ತೋರಿಸ್ತಿದ್ದೆ. ನಮ್ಮಮ್ಮನ ತವರು ಇದೇ ಸೀಮೆ.” ತೋರಿಸಿದ್ದು ಹೇಗೆಂದು ಬೆರಳು ಮಡಚಿ ಹಿಡಿದಳು.

ಹೊಂಬಾಳೆಗೆ, ಎಳೆಗಾಯಿಗೆ ಬೆರಳು ನೆಟ್ಟಗೆ ಮಾಡಿ ತೋರಿಸಿದರೆ ಉದುರಿಹೋಗುತ್ತದೆಂದು ಅಮ್ಮ ನಮ್ಮ ಕೈಗೆ ಬಡಿಯುತ್ತಿದ್ದಳು. ತೋರಿಸಲೇಬೇಕಾದರೆ ಮಡಚಿ ತೋರಿಸಬೇಕು. ಬೆಳಿಗ್ಗೆ ಕಣ್ಣೆದುರೇ ಕಂಡದ್ದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಇಬ್ಬರೂ ತುಮಕೂರಿನಲ್ಲಿ ಪಾಠ ಹೇಳುವವರು. ಭಾನುವಾರ ಕಾರಿನಲ್ಲಿ ಸುತ್ತುವ ಸ್ನೇಹಿತರಿಗೆಂದು ನೋಡುವ ಜಾಗಗಳನ್ನು ಬರೆಯುತ್ತಿದ್ದರು. ನೋಟ್‌ಬುಕ್ ತೋರಿಸಿದರು. ಬಸವಣ್ಣ ಎರಡನೆಯದು. ಮೊದಲನೆಯದು ನಮ್ಮ ಸಾಲು: ‘ಗಾಡಿ ನಿಲ್ಲಿಸಿ ನೋಡಲೇಬೇಕು.’

ಅಮ್ಮನ ಮರಗಳು ಬಸವಣ್ಣನಿಗಿಂತ ಮುಂದೆ. ಇನ್ನೊಂದು ಸಲ ಓದಿದೆ. ಆದರೆ ಮರುಕ್ಷಣವೇ ರಸ್ತೆ ನೆನಪಾಯಿತು. ನೋಡಲು ಕಾರುಗಳು ಬಂದರೆ ರಸ್ತೆ ಸಾಲದು ಅನ್ನುವವರು ಹುಟ್ಟುತ್ತಾರೆ. ರಸ್ತೆ ಸಾಲದು ಅಂದಮೇಲೆ ಮೊದಲು ಹೋಗುವುದು ಅದೇ ಸಾಲು.

“ಅದೊಂದು ಹೊಡೆದಾಕಿ ಬುಡಿ,” ಎಂದೆ. ಕಾರಣವನ್ನೂ ಹೇಳಿದೆ.

ಆತ ನಕ್ಕ. ಆಕೆ ನಗಲಿಲ್ಲ. ಪೆನ್ನು ಇಸಿದುಕೊಂಡು, ಅಕ್ಷರ ಕಾಣದಂತೆ ಎರಡು ಸಲ ಗೀಚಿ ನನಗೆ ತೋರಿಸಿದಳು.

ಮೂರು ವಾರ ಕಳೆದಿರಬೇಕು, ಮತ್ತೊಂದು ಭಾನುವಾರ. ಸಾಲಿನ ಮುಂದೆ ನೀಲಿ ಕಾರೊಂದು ನಿಂತಿತು. ಓಡಿಸಿಬಿಡೋಣ ಎಂದು ದಾಪುಗಾಲು ಹಾಕಿದೆ. ಕಾರಿನಿಂದ ಇಳಿದ ಪುಟ್ಟ ಹುಡುಗಿಯೊಬ್ಬಳು ಅಪ್ಪನಿಗೆ ಮರದ ತುದಿ ತೋರಿಸುತ್ತಿದ್ದಳು. ಯಾರೋ ಹೇಳಿಕೊಟ್ಟಂತೆ, ಜೋಪಾನವಾಗಿ, ಬೆರಳು ಮಡಚಿ. ಗೀಚಿದ್ದು ಹಾಳೆಯಲ್ಲಿ ಮಾತ್ರ, ಬಾಯಲ್ಲಿ ಅಲ್ಲ ಎಂದು ಗೊತ್ತಾಯಿತು. ಬೈಯಲು ಹೋದವನು ಗೇಟಿನಲ್ಲೇ ನಿಂತುಬಿಟ್ಟೆ. ನೀಲಿ ಕಾರಿನ ಹಿಂದೆ ಇನ್ನೊಂದು ಕಾರು ಬಂದು, ದಾರಿ ಸಾಲದೆ, ಹಾರನ್ ಹೊಡೆಯುತ್ತಿತ್ತು.